ಮನೆತನದ ಹೆಸರೂ ವಂಶಾವಳಿಯೂ

ತಮ್ಮ ಹಿರಿಯರು ಯಾರು, ಎಲ್ಲಿಂದ ಬಂದರು, ತಮ್ಮ ಹೆಸರಿನ ಹಿಂದೆಯೋ ಮುಂದೆಯೋ ಅಂಟಿಕೊಂಡಿರುವ ಮಾತಿಗೆ ಅರ್ಥವೇನು ಎಂಬ ಕುತೂಹಲವು ಮನುಷ್ಯನಿಗೆ ಸಹಜವಾದುದೇ ಸರಿ. ಆದರೆ ಈ ಶೋಧನೆಗೆ ಹೊರಟವರಲ್ಲಿ ಅನೇಕರು, ಹೊರಡುವ ಮೊದಲೇ ಎಲ್ಲಿಗೆ ಹೋಗಿ ಸೇರಬೇಕೆಂಬುದನ್ನು ನಿಶ್ಚಯಮಾಡಿಕೊಂಡಿರುತ್ತಾರೆ. ಒಬ್ಬರಿಗೆ ಋಷಿಯೊಬ್ಬನು ಬೇಕು. ಮತ್ತೊಬ್ಬರಿಗೆ ವಿಜಯನಗರದ ದಂಡನಾಯಕನೇ ಆಗಬೇಕು. ಬರಗಾಲದಲ್ಲಿ ಸಾಲ ತೀರಿಸಲಾರದೆ ಹೆಂಡತಿಮಕ್ಕಳೊಡನೆ ರಾತ್ರಿಯ ಹೊತ್ತು ಊರು ಬಿಟ್ಟ ಮುತ್ತಜ್ಜನು ಯಾರಿಗೂ ಬೇಕಾಗಿಲ್ಲ. ನಮ್ಮಲ್ಲಿ ಹಲವರಿಗೆ ನಿಜವಾಗಿ ಇದ್ದ ಮುತ್ತಜ್ಜನು ಪ್ರಾಯಶಃ ಇವನೇ.

ಈ ಸಂಜೆಯ ಭಾಷಣದಲ್ಲಿ ನಾವು ಯಾವ ಮನೆತನದ ಕೀರ್ತಿಯನ್ನೂ ಹೆಚ್ಚಿಸುವುದಾಗಲಿ ಕುಂದಿಸುವುದಾಗಲಿ ಮಾಡಹೊರಟಿಲ್ಲ. ಕನ್ನಡನಾಡಿನಲ್ಲಿ ಮನೆತನದ ಹೆಸರುಗಳು ಹೇಗೆ ಹುಟ್ಟಿದುವು, ವಂಶಾವಳಿಗಳನ್ನು ಯಾರು ಯಾವ ಪ್ರಯೋಜನಕ್ಕಾಗಿ ಬರೆದರು, ಅವುಗಳಲ್ಲಿ ಯಾರ ಹೆಸರು ಉಳಿಯಿತು, ಯಾರದು ಉಳಿಯಲಿಲ್ಲ ಎಂಬುದನ್ನು ಸ್ವಲ್ಪ ವಿಚಾರಿಸಬೇಕೆಂದಿದ್ದೇವೆ. ಹೆಸರಾಗಲಿ ವಂಶಾವಳಿಯಾಗಲಿ ಕೇವಲ ರಕ್ತಸಂಬಂಧವನ್ನು ತಿಳಿಸುವುದಕ್ಕೆಂದು ಹುಟ್ಟಿದುದಲ್ಲ. ಊರವರು ಒಬ್ಬನನ್ನು ಇನ್ನೊಬ್ಬನಿಂದ ಬೇರ್ಪಡಿಸಿ ಗುರುತಿಸುವುದಕ್ಕಾಗಿ ಹೆಸರು ಹುಟ್ಟಿತು. ಯಾರೋ ಒಬ್ಬರು ಯಾವುದೋ ಒಂದು ಹಕ್ಕನ್ನು ಸಾಧಿಸುವುದಕ್ಕಾಗಿ ವಂಶಾವಳಿ ಹುಟ್ಟಿತು. ಇದನ್ನು ಮರೆತವನ ಶೋಧನೆಯು ಬೇಗನೆ ದಾರಿತಪ್ಪುತ್ತದೆ.

ಮೊದಲು ಹಳೆಯ ಮೈಸೂರು ಸೀಮೆಯ ಪದ್ಧತಿಯನ್ನು ನೋಡೋಣ. ಇಲ್ಲಿ ಅಡ್ಡಹೆಸರೆಂಬುದು ಬಹುಮಟ್ಟಿಗೆ ಇಲ್ಲ. ಊರಿನ ಹೆಸರಿನ ಮೊದಲಕ್ಷರ, ತಂದೆಯ ಹೆಸರಿನ ಮೊದಲಕ್ಷರ, ಅವುಗಳ ಬೆನ್ನಿಗೆ ತನ್ನ ಹೆಸರು, ಇಷ್ಟೆ. ಡಿ. ವಿ. ಗುಂಡಪ್ಪನವರು ಹುಟ್ಟಿದುದು ೧೮೮೭ರಲ್ಲಿ, ಮುಳಬಾಗಿಲಿನಲ್ಲಿ. ಆದರೆ ಅವರ ಹೆಸರಿನ ‘ಡಿ’ ಮುಳಬಾಗಿಲಲ್ಲ, ದೇವನಹಳ್ಳಿ. ವಿಶ್ವೇಶ್ವರಯ್ಯನವರು ಹುಟ್ಟಿ ಬೆಳೆದುದು ಮುದ್ದೇನಹಳ್ಳಿಯ ಕಡೆ; ಅವರ ಹೆಸರಿನ ಮೊದಲಿಗಿರುವ ಮೋಕ್ಷಗುಂಡವು ಆಂಧ್ರದೇಶದ ಗಿದ್ದಲೂರು ಪ್ರಾಂತದ ಒಂದು ಗ್ರಾಮ. ಅವರ ಹಿರಿಯರು ಅಲ್ಲಿಂದ ಬಂದು ಎಷ್ಟೋ ತಲೆಗಳಾಗಿದ್ದರೂ ಆ ಗ್ರಾಮದ ಹೆಸರು ಮಾತ್ರ ಬಿಡದೆ ಹಿಂಬಾಲಿಸಿತು. ಕನ್ನಡವನ್ನೂ ಕನ್ನಂಬಾಡಿಯನ್ನೂ ಬಿಟ್ಟು ಯೋಚಿಸಲಾಗದ ಮಹನೀಯರೊಬ್ಬರ ಹೆಸರಿನೊಳಗೆ ತೆಲುಗು ಸೀಮೆಯ ಹಳ್ಳಿಯೊಂದು ಅಡಗಿ ಕುಳಿತಿರುವುದು ಸ್ವಾರಸ್ಯವಲ್ಲವೆ?

ಇದರಿಂದ ಶೋಧಕನು ತಿಳಿದುಕೊಳ್ಳಬೇಕಾದ ಸೂತ್ರವೊಂದುಂಟು. ಊರಿನ ಹೆಸರು ಆ ಊರಿನಲ್ಲಿಯೇ ಇರುವವನಿಗೆ ಅಂಟುವುದಿಲ್ಲ. ಅದನ್ನು ಬಿಟ್ಟುಬಂದವನಿಗೆ ಅಂಟುತ್ತದೆ. ಬೇಲೂರಿನಲ್ಲಿ ಇರುವವರೆಲ್ಲರೂ ಬೇಲೂರಿನವರೇ ಆಗಿರುವಾಗ ಒಬ್ಬನನ್ನು ಬೇಲೂರಿನವನೆಂದು ಕರೆದು ಫಲವೇನು? ಅವನು ಹಾಸನಕ್ಕೆ ಬಂದು ನೆಲಸಿದ ದಿನ ನೆರೆಯವರು ಆ ಹೆಸರನ್ನು ಕೊಡುತ್ತಾರೆ. ಆದುದರಿಂದ ಊರಿನ ಹೆಸರು ವಲಸೆಯ ಗುರುತು. ಆದರೆ ವಲಸೆ ಒಂದೇ ಬಾರಿ ನಡೆಯಿತೆಂದು ತಿಳಿಯಬಾರದು. ಹೆಸರಿನಲ್ಲಿ ನಿಂತಿರುವುದು ಹಲವು ನಿಲ್ದಾಣಗಳಲ್ಲಿ ಒಂದು ನಿಲ್ದಾಣ ಮಾತ್ರ.

ಈ ಪದ್ಧತಿಗೆ ಈಚೆಗೆ ಒಂದು ಕುತ್ತು ಬಂದಿದೆ. ನಮ್ಮ ತರಗತಿಗಳಲ್ಲಿ ವಿದ್ಯಾರ್ಥಿಗಳನ್ನು, ‘ನಿನ್ನ ಹೆಸರಿನ ಮೊದಲಕ್ಷರ ಯಾವ ಊರು?’ ಎಂದು ಕೇಳಿದರೆ, ಹೇಳಬಲ್ಲವರು ಕಡಮೆ. ‘ಬಿ’ ಎಂಬ ಒಂದಕ್ಷರದಲ್ಲಿ ಬೇಲೂರು, ಬೆಳ್ಳೂರು, ಬಾಣಾವರ, ಬೆಂಗಳೂರು ಎಲ್ಲವೂ ಅಡಗಿಕೊಳ್ಳಬಹುದು. ಅಜ್ಜನು ಬಾಯಿಬಿಟ್ಟು ಹೇಳದೆ ಹೋದರೆ ಮೊಮ್ಮಗನು ಬೆಂಗಳೂರೆಂದೇ ಬರೆದುಕೊಳ್ಳುತ್ತಾನೆ. ಇಂಗ್ಲಿಷಿನ ಒಂದಕ್ಷರವನ್ನು ಉಳಿಸಿಕೊಂಡು ಊರನ್ನು ಕಳೆದುಕೊಂಡುದು ನಮ್ಮ ಕಾಲದ ಲಾಭನಷ್ಟಗಳಲ್ಲಿ ಒಂದು.

ಉತ್ತರದ ಜಿಲ್ಲೆಗಳಿಗೆ ಹೋದರೆ ನೋಟವೇ ಬದಲಾಗುತ್ತದೆ. ಧಾರವಾಡ, ಬೆಳಗಾವಿ, ವಿಜಾಪುರಗಳಲ್ಲಿ ಅಡ್ಡಹೆಸರಿಲ್ಲದ ಮನೆಯೇ ಇಲ್ಲವೆನ್ನಬಹುದು. ಅಲ್ಲಿಯ ಹಾಜರಿ ಪುಸ್ತಕವೊಂದನ್ನು ತೆರೆದರೆ ಹಳೆಯ ರಾಜ್ಯವೊಂದರ ಕಚೇರಿಯೇ ಎದ್ದುಬಂದಂತಾಗುತ್ತದೆ. ಪಾಟೀಲನು ಗ್ರಾಮದ ಮುಖ್ಯಸ್ಥ. ಕುಲಕರ್ಣಿ ಗ್ರಾಮದ ಲೆಕ್ಕಿಗ. ಇಲ್ಲಿ ಕುಲವೆಂದರೆ ಜಾತಿಯೆಂದು ಹಲವರು ಭಾವಿಸುತ್ತಾರೆ. ಅದು ತೆರಿಗೆ ತೆರುವ ಒಕ್ಕಲು, ನಮ್ಮ ಕಂದಾಯದ ಭಾಷೆಯ ‘ಕುಳ’. ಗ್ರಾಮದ ಮೇಲೆ ಪರಗಣೆ. ಅದರ ಮುಖ್ಯಸ್ಥನು ದೇಸಾಯಿ, ಲೆಕ್ಕಿಗನು ದೇಶಪಾಂಡೆ. ಅದೇ ಕೆಲಸವನ್ನು ಹೆಚ್ಚುಕಡಮೆ ಮಾಡುತ್ತಿದ್ದವನಿಗೆ ಅಚ್ಚಕನ್ನಡದಲ್ಲಿ ನಾಡಿಗನೆಂದು ಹೆಸರು. ಇನ್ನು ಆದಿಲಶಾಹಿಯ ಮತ್ತು ಮರಾಠರ ಕಚೇರಿಗಳಿಂದ ಬಂದ ಪಾರಸಿ ಮಾತುಗಳ ಸಾಲೇ ಇದೆ. ‘ನವೀಸ್’ ಎಂದರೆ ಬರೆಯುವವನು. ಅದು ಸವೆದು ‘ನೀಸ’ವಾಗಿ ಫಡ್ನೀಸ, ಚಿಟ್ನೀಸ, ಪಾರಸನೀಸರಾದರು. ಪಾರಸನೀಸನೆಂದರೆ ಪಾರಸಿಯಲ್ಲಿ ಪತ್ರ ಬರೆಯಬಲ್ಲವನು. ಇನಾಮದಾರ, ಜಹಗೀರದಾರ, ಕಿಲ್ಲೇದಾರ, ಮುಜುಮದಾರರ ವಿಷಯ ಬಿಡಿಸಿ ಹೇಳಬೇಕಾಗಿಲ್ಲ. ಸಂಧ್ಯಾವಂದನೆ ತಪ್ಪದ ಮನೆಯೊಂದು ಬಾಗಿಲಿನ ಮೇಲೆ ಪಾರಸಿಯ ಹೆಸರನ್ನು ಬರೆಯಿಸಿಕೊಂಡಿದ್ದರೆ, ಅದು ಅಲ್ಲಿಯ ಹಿರಿಯನು ಯಾರ ಅನ್ನವನ್ನು ಉಂಡನೆಂಬುದರ ಪ್ರಾಮಾಣಿಕವಾದ ರಶೀತಿ.

ಅಧಿಕಾರದ ಹೆಸರುಗಳಿಗಿಂತ ನಮಗೆ ಹೆಚ್ಚು ಪ್ರಿಯವಾದುವು ಅಂಗಡಿಬೀದಿಯ ಹೆಸರುಗಳು: ಬೆಲ್ಲದ, ಅಕ್ಕಿ, ಉಪ್ಪಿನ, ತುಪ್ಪದ, ಉಳ್ಳಾಗಡ್ಡಿ, ಮೆಣಸಿನಕಾಯಿ. ಹೊರಗಿನವರು ಇವನ್ನು ಕೇಳಿ ನಗುವುದುಂಟು. ಆದರೆ ಇತಿಹಾಸವನ್ನು ಓದುವವನು ಇವುಗಳನ್ನು ಶಾಸನದಂತೆ ಓದಬೇಕು. ಮೆಣಸಿನಕಾಯಿ ಎಂಬ ಅಡ್ಡಹೆಸರನ್ನೇ ತೆಗೆದುಕೊಳ್ಳಿ. ಮೆಣಸು ನಮ್ಮ ಮಲೆನಾಡಿನದೇ. ಆದರೆ ಮೆಣಸಿನಕಾಯಿ ಅಮೆರಿಕಾ ಖಂಡದ ಗಿಡ. ಪೋರ್ಚುಗೀಜರು ೧೪೯೮ರಲ್ಲಿ ಕಲ್ಲಿಕೋಟೆಗೆ ಬಂದು, ೧೫೧೦ರಲ್ಲಿ ಗೋವೆಯನ್ನು ಹಿಡಿದ ಮೇಲೆ ಅದು ನಮ್ಮ ಹೊಲಗಳಿಗೆ ಹತ್ತಿತು. ಆದಕಾರಣ ಈ ಹೆಸರಿನ ಮನೆತನವು ಎಷ್ಟೇ ಪ್ರಾಚೀನವಾಗಿರಲಿ, ಹೆಸರು ೧೬ನೆಯ ಶತಮಾನಕ್ಕಿಂತ ಹಿಂದಿನದಾಗಿರಲಾರದು. ದಂಡನಾಯಕರ ವಂಶಜರೆಂದು ಹೇಳಿಕೊಳ್ಳುವವರಿಗೆ ಇಷ್ಟು ಖಚಿತವಾದ ಒಂದು ಕಾಲದ ಗೆರೆ ದೊರಕುವುದು ಅಪರೂಪ. ಕಾಯಿ ಮಾರಿದವನ ಮೊಮ್ಮಕ್ಕಳಿಗೆ ದೊರಕಿದೆ.

ಕಸುಬಿನ ಹೆಸರಿಗೆ ನಾಚಿಕೊಳ್ಳುವುದು ಈಚಿನ ಕಾಲದ ಅಭ್ಯಾಸವೆಂದು ತೋರುತ್ತದೆ. ೧೨ನೆಯ ಶತಮಾನದ ಶರಣರನ್ನು ನಾವು ಇಂದಿಗೂ ಕಸುಬಿನಿಂದಲೇ ಕರೆಯುತ್ತೇವೆ: ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಹಡಪದ ಅಪ್ಪಣ್ಣ, ನುಲಿಯ ಚಂದಯ್ಯ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರಂತೂ ತಮ್ಮ ಹುಟ್ಟನ್ನು ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಇವರ ಮನೆಗಳ ಆಳುಗಳಿಗೆ ಕಟ್ಟಿ ಹೇಳಿಕೊಂಡರು. ವಂಶಾವಳಿಯನ್ನು ಮೇಲಕ್ಕೆ ಏರಿಸಿಕೊಂಡವರು ಅಸಂಖ್ಯರು. ಬೇಕೆಂದೇ ಕೆಳಕ್ಕೆ ಇಳಿಸಿಕೊಂಡವರು ನಮ್ಮ ಇತಿಹಾಸದಲ್ಲಿ ಮತ್ತೆ ಎಷ್ಟು ಮಂದಿ?

ಕರಾವಳಿ ಮತ್ತು ಮಲೆನಾಡುಗಳ ಹೆಸರುಗಳಲ್ಲಿ ಹಳಗನ್ನಡದ ಆಡಳಿತವೇ ಉಳಿದುಬಂದಿದೆ. ಶಾಸನಗಳ ‘ಪೆರ್ಗಡೆ’ಯು ಪಕಾರಕ್ಕೆ ಹಕಾರ ಬಂದು ಹೆಗ್ಗಡೆಯಾಗಿ, ಮತ್ತೆ ಸವೆದು ಹೆಗಡೆ, ಹೆಗ್ಡೆ ಎಂದಾಯಿತು. ‘ಗಾವುಂಡ’ನು ಗೌಡನಾದನು, ‘ಸೇನಬೋವ’ನು ಶಾನುಭೋಗನಾದನು. ಇಲ್ಲಿಯೇ ಒಂದು ದೊಡ್ಡ ಹಳ್ಳವಿದೆ; ಶೋಧಕರು ಎಚ್ಚರಿಕೆಯಿಂದ ದಾಟಬೇಕು. ಹೆಗ್ಗಡೆಯೆಂಬುದು ಒಂದು ಹುದ್ದೆ. ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ಅರಸರ ಕೈಕೆಳಗೆ, ಬೇರೆ ಬೇರೆ ಜಾತಿ ಮತಗಳ ನೂರಾರು ಮಂದಿ ಆ ಹುದ್ದೆಯನ್ನು ಮಾಡಿದರು. ಹವ್ಯಕ ಬ್ರಾಹ್ಮಣರಲ್ಲಿಯೂ ಹೆಗಡೆಗಳಿದ್ದಾರೆ, ಬಂಟರಲ್ಲಿಯೂ ಹೆಗ್ಡೆಗಳಿದ್ದಾರೆ, ಜೈನರಲ್ಲಿಯೂ ಇದ್ದಾರೆ. ಹೆಸರು ಒಂದಾದ ಮಾತ್ರಕ್ಕೆ ಬೇರು ಒಂದೆಂದು ಹೇಳುವುದು, ಪೋಲೀಸು ಇಲಾಖೆಯ ಇನ್‌ಸ್ಪೆಕ್ಟರರೆಲ್ಲರೂ ದಾಯಾದಿಗಳೆಂದಂತಾದೀತು. ಇದಕ್ಕೆ ತಿರುವುಮುರುವಾದುದೂ ಉಂಟು. ಒಂದೇ ಮನೆಯ ಇಬ್ಬರು ಅಣ್ಣತಮ್ಮಂದಿರಲ್ಲಿ ಒಬ್ಬನು ಗೌಡಿಕೆಯನ್ನು ಹಿಡಿದು ಪಾಟೀಲನಾಗುತ್ತಾನೆ, ಮತ್ತೊಬ್ಬನು ಪರವೂರಿಗೆ ಹೋಗಿ ಬಿಟ್ಟ ಊರಿನ ಹೆಸರಿನವನಾಗುತ್ತಾನೆ. ಮೂರು ತಲೆ ಕಳೆದ ಮೇಲೆ ಅವರ ಮಕ್ಕಳು ಒಬ್ಬರನ್ನೊಬ್ಬರು ಗುರುತಿಸಲಾರರು.

ಇನ್ನು ವಂಶಾವಳಿಯ ವಿಷಯ. ಬಿ. ಎಲ್. ರೈಸ್ ಸಾಹೇಬರು ೧೮೮೬ರಿಂದ ೧೯೦೫ರವರೆಗೆ ಸಂಪುಟ ಸಂಪುಟವಾಗಿ ಹೊರತಂದ ಮೈಸೂರು ಸೀಮೆಯ ಶಾಸನಗಳು ಸುಮಾರು ಒಂಬತ್ತು ಸಾವಿರ. ಅವುಗಳಲ್ಲಿ ವಂಶಾವಳಿಗಳಿಗೇನೂ ಬರಗಾಲವಿಲ್ಲ. ಹೊಯ್ಸಳರು ತಾವು ಯದುವಂಶದವರೆಂದೂ ದ್ವಾರಾವತೀಪುರವರಾಧೀಶ್ವರರೆಂದೂ ಹೇಳಿಕೊಂಡರು. ಅದೇ ಉಸಿರಿನಲ್ಲಿ ‘ಮಲೆಪರೊಳ್ ಗಂಡ’ ಎಂಬ ಬಿರುದನ್ನೂ ಧರಿಸಿದರು. ಚರಿತ್ರಕಾರರಿಗೆ ಈ ಎರಡನೆಯ ಮಾತಿನ ಮೇಲೆಯೇ ನಂಬಿಕೆ ಹೆಚ್ಚು. ಮಲೆನಾಡಿನ ಸೊಸೆವೂರಿನ ನಾಯಕರು ದೊರೆಗಳಾದರು, ದೊರೆಗಳಾದಮೇಲೆ ದೊರೆಗಳಿಗೆ ತಕ್ಕ ಅಜ್ಜಂದಿರು ಬೇಕಾದರು. ಗಂಗರ ತಾಮ್ರಪಟಗಳಲ್ಲಿ ಹಲವು ಕೃತಕವೆಂದು ಫ್ಲೀಟ್ ಸಾಹೇಬರು ಬಲವಾಗಿ ವಾದಿಸಿದರು. ರೈಸ್ ಸಾಹೇಬರು ಒಪ್ಪಲಿಲ್ಲ. ಆ ವಾದದ ವಿವರ ಇಲ್ಲಿ ಬೇಡ. ತಾಮ್ರಪಟವನ್ನು ಸುಳ್ಳಾಗಿ ಬರೆಯುವ ಶ್ರಮವನ್ನು ಯಾರೂ ಸುಮ್ಮನೆ ಪಡುವುದಿಲ್ಲ, ಅದರ ಕೆಳಗೆ ಒಂದು ಗ್ರಾಮದ ಒಡೆತನವಿರುತ್ತದೆ ಎಂಬುದನ್ನು ನೆನಪಿಟ್ಟರೆ ಸಾಕು.

ರಾಜರಿಗೆ ಗ್ರಾಮವಾದರೆ, ಗ್ರಾಮಾಧಿಕಾರಿಗಳಿಗೆ ವತನು. ಹಳೆಯ ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ನಮ್ಮ ಉತ್ತರದ ಜಿಲ್ಲೆಗಳಲ್ಲಿ, ಪರಂಪರಾಗತವಾದ ಹುದ್ದೆಗಳನ್ನು ಕುರಿತು ೧೮೭೪ರಲ್ಲಿ ಒಂದು ಕಾಯಿದೆಯಾಯಿತು. ವತನದಾರನು ತಾನು ಇಂಥವನ ಮಗ, ಇಂಥವನ ಮೊಮ್ಮಗನೆಂದು ತೋರಿಸಿದರಲ್ಲದೆ ಹೊಲವಿಲ್ಲ, ಹುದ್ದೆಯಿಲ್ಲ. ಹೀಗಾಗಿ ಕಂದಾಯದ ಕಚೇರಿಗಳಲ್ಲಿ ವಂಶಾವಳಿಗಳ ರಾಶಿ ಬೆಳೆಯಿತು. ಇಂದು ದೇಸಾಯಿ, ಕುಲಕರ್ಣಿ, ಪಾಟೀಲ ಮನೆತನದವರು ಆರೇಳು ತಲೆಗಳನ್ನು ತಡವರಿಸದೆ ಹೇಳಬಲ್ಲರಾದರೆ, ಅದಕ್ಕೆ ಅವರ ಪಿತೃಭಕ್ತಿ ಎಷ್ಟು ಕಾರಣವೋ ಈ ಕಾಯಿದೆಯೂ ಅಷ್ಟೇ ಕಾರಣ. ಪರಗಣೆ ಮತ್ತು ಕುಲಕರ್ಣಿ ವತನುಗಳು ಮುಂಬಯಿಯ ೧೯೫೦ರ ಕಾಯಿದೆಯಿಂದ ರದ್ದಾದುವು. ಮೈಸೂರು ರಾಜ್ಯದಲ್ಲಿ ಪರಂಪರೆಯ ಶಾನುಭೋಗಿಕೆ, ಪಟೇಲಿಕೆಗಳನ್ನು ೧೯೬೧ರ ಕಾಯಿದೆ ತೆಗೆದುಹಾಕಿತು. ಹುದ್ದೆ ಹೋಯಿತು, ಹೆಸರು ಉಳಿಯಿತು. ಉಳಿದ ಹೆಸರು ಈಗ ಯಾವ ಹೊಲವನ್ನೂ ಕಾಯುತ್ತಿಲ್ಲ. ಅಷ್ಟರಮಟ್ಟಿಗೆ ಅದನ್ನು ಸಮಾಧಾನದಿಂದ ಪರಿಶೀಲಿಸಬಹುದು.

ಆದರೆ ವತನೂ ಇನಾಮೂ ಇಲ್ಲದವನ ಗತಿಯೇನು? ಅವನ ವಂಶಾವಳಿಯನ್ನು ಯಾವ ಕಚೇರಿಯೂ ಕೇಳಲಿಲ್ಲ. ಆದುದರಿಂದ ಯಾರೂ ಬರೆಯಲಿಲ್ಲ. ಕೂಲಿಯವನಿಗೆ ಅಜ್ಜನಿರಲಿಲ್ಲವೆಂದಲ್ಲ, ಅಜ್ಜನನ್ನು ಸಾಬೀತುಮಾಡುವ ಸಂದರ್ಭವಿರಲಿಲ್ಲ. ಇಂಥವರಿಗೆ ಉಳಿದುದು ಎರಡೇ ಆಸರೆ. ಒಂದು, ಊರ ಮುಂದಿನ ವೀರಗಲ್ಲು. ತುರು ಕಾಯ್ದು ಸತ್ತ ಸಾಮಾನ್ಯನೂ ಅಲ್ಲಿ ಹೆಸರು ಪಡೆಯುತ್ತಾನೆ, ಕೆಲವು ವೇಳೆ ತಂದೆಯ ಹೆಸರನ್ನೂ. ಎರಡನೆಯದು, ಹೆಳವ.

ಹೆಳವನೆಂದರೆ ಕುಂಟನೆಂದು ಅರ್ಥ. ಕಾಲಿಲ್ಲದವನೊಬ್ಬನಿಗೆ ಕುಲದವರು ಒಂದು ಎತ್ತನ್ನು ಕೊಟ್ಟು, ಕುಲದ ಹೆಸರುಗಳನ್ನು ನೆನಪಿಟ್ಟುಕೊಂಡು ಹೇಳುತ್ತ ಬಾಳೆಂದು ಕಳುಹಿಸಿದರೆಂದು ಐತಿಹ್ಯ. ಸುಗ್ಗಿಯ ಹೊತ್ತಿಗೆ ಗಂಟೆ ಕಟ್ಟಿದ ಎತ್ತಿನೊಡನೆ ಬಂದು, ಮನೆಯ ಮುಂದೆ ನಿಂತು, ಆ ಮನೆಯ ಮೂಲಪುರುಷನಿಂದ ಹಿಡಿದು ತೊಟ್ಟಿಲಿನ ಕೂಸಿನವರೆಗೂ ಹೆಸರುಗಳನ್ನು ಹೊಗಳಿ ಹಾಡಿ, ಧಾನ್ಯವನ್ನೂ ಬಟ್ಟೆಯನ್ನೂ ಪಡೆದು ಹೋಗುವುದು ಇವರ ವೃತ್ತಿ. ಇಂಥ ಹೆಳವನಿಗೆ ಇಂಥ ಒಕ್ಕಲುಗಳೆಂಬ ನೇಮವುಂಟು. ಒಕ್ಕಲಿಗರು, ಲಿಂಗವಂತರು, ಕುರುಬರು ಮೊದಲಾದವರ ಎಷ್ಟೋ ಮನೆಗಳ ಚರಿತ್ರೆ ಇವರ ಬಾಯಲ್ಲಿಯೂ ಇವರ ಹಳೆಯ ಪುಸ್ತಕಗಳಲ್ಲಿಯೂ ಇದೆ. ಮನೆತನವು ಯಾವ ಊರಿನಿಂದ ಎದ್ದು ಬಂದಿತು, ಯಾವ ಬೆಡಗಿನದು, ಯಾವಾಗ ಒಡೆಯಿತು ಎಂಬುದನ್ನು ಹೆಳವನು ಹೇಳುತ್ತಾನೆ. ಹೊಗಳುವುದಕ್ಕೆ ಕೂಲಿ ಪಡೆಯುವವನು ಸ್ವಲ್ಪ ಹೆಚ್ಚಾಗಿ ಹೊಗಳದೆ ಇರುತ್ತಾನೆಯೆ? ಇರಲಿಕ್ಕಿಲ್ಲ. ಆದರೆ ಊರ ಹೆಸರನ್ನು ಬದಲಾಯಿಸುವುದರಿಂದ ಅವನಿಗೆ ಲಾಭವಿಲ್ಲ. ಆದುದರಿಂದ ಊರಿನ ವಿಷಯದಲ್ಲಿ ಅವನ ಸಾಕ್ಷ್ಯಕ್ಕೆ ನಾವು ತಾಮ್ರಪಟಕ್ಕಿಂತ ಹೆಚ್ಚು ಬೆಲೆ ಕೊಡುತ್ತೇವೆ. ಪಟ್ಟಣ ಸೇರಿದ ಒಕ್ಕಲಿನ ಬಾಗಿಲಿಗೆ ಎತ್ತು ಬರುವುದಿಲ್ಲ, ಬಂದರೂ ಗೇಟಿನ ಕಾವಲುಗಾರನು ಬಿಡುವುದಿಲ್ಲ. ಅಲ್ಲಿಗೆ ಆ ಮನೆಯ ಪುಸ್ತಕದ ಹಾಳೆ ಖಾಲಿ ಉಳಿಯುತ್ತದೆ.

ಹೆಸರುಗಳನ್ನು ಕೂಡಿಸುವಾಗ ಆಗುವ ಪ್ರಮಾದಗಳ ಬಗ್ಗೆ ಒಂದೆರಡು ಮಾತು ಹೇಳಬೇಕು. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವುದು ನಮ್ಮ ಸಂಪ್ರದಾಯ. ಒಂದನೆಯ ನರಸಿಂಹನ ಮೊಮ್ಮಗನು ಎರಡನೆಯ ನರಸಿಂಹ, ಅವನ ಮೊಮ್ಮಗನು ಮೂರನೆಯ ನರಸಿಂಹ. ಒಂದು, ಎರಡು, ಮೂರೆಂಬ ಎಣಿಕೆಯನ್ನು ಹಾಕಿದವರು ಚರಿತ್ರಕಾರರೇ ಹೊರತು ಹೊಯ್ಸಳರಲ್ಲ. ನಮ್ಮ ನಿಮ್ಮ ಮನೆಗಳಲ್ಲಿ ಎಣಿಕೆ ಹಾಕುವವರೂ ಇಲ್ಲದೆ, ಅಜ್ಜನೂ ಮೊಮ್ಮಗನೂ ಒಬ್ಬನೇ ಆಗಿಹೋಗಿ ಐವತ್ತು ಅರುವತ್ತು ವರ್ಷಗಳು ಮಾಯವಾಗುತ್ತವೆ. ಇನ್ನೂ ಸೂಕ್ಷ್ಮವಾದ ನಿದರ್ಶನ ನಮ್ಮ ಸಾಹಿತ್ಯದಲ್ಲಿಯೇ ಇದೆ. ಆದಿಕವಿ ಪಂಪನ ತಮ್ಮನ ಹೆಸರು ಜಿನವಲ್ಲಭ, ತಾಯಿಯ ಹೆಸರು ಅಬ್ಬಣಬ್ಬೆ. ಕವಿರತ್ನ ರನ್ನನ ತಂದೆಯ ಹೆಸರೂ ಜಿನವಲ್ಲಭ, ತಾಯಿಯ ಹೆಸರು ಅಬ್ಬಲಬ್ಬೆ. ಇಬ್ಬರೂ ೧೦ನೆಯ ಶತಮಾನದವರು, ಇಬ್ಬರೂ ಜೈನರು. ಆತುರಗಾರನಾದ ವಂಶಶೋಧಕನೊಬ್ಬನ ಕೈಗೆ ಈ ನಾಲ್ಕು ಹೆಸರುಗಳು ಮಾತ್ರ ಸಿಕ್ಕಿದ್ದರೆ, ಪಂಪನನ್ನು ರನ್ನನಿಗೆ ದೊಡ್ಡಪ್ಪನನ್ನಾಗಿ ಮಾಡದೆ ಬಿಡುತ್ತಿದ್ದನೆ? ಆದರೆ ರನ್ನನು ಮುದುವೊಳಲಿನ ಬಳೆಗಾರರ ಮನೆಯಲ್ಲಿ ೯೪೯ರಲ್ಲಿ ಹುಟ್ಟಿದವನು; ಪಂಪನದು ವೆಂಗಿನಾಡಿನಿಂದ ಬಂದ ಬ್ರಾಹ್ಮಣ ಮನೆತನ, ತಂದೆಯ ಕಾಲದಲ್ಲಿ ಜೈನವಾದುದು. ಊರನ್ನೂ ಕಸುಬನ್ನೂ ಹೆಸರಿನ ಜೊತೆಗಿಟ್ಟು ನೋಡಿದಾಗ ಮಾತ್ರ ಇಬ್ಬರು ಜಿನವಲ್ಲಭರು ಬೇರೆಬೇರೆಯಾಗುತ್ತಾರೆ.

ಪಂಪನ ವಿಷಯದಲ್ಲಿ ಇನ್ನೂ ಒಂದು ಮಾತಿದೆ; ಅದು ನಮಗೆ ಇವೆಲ್ಲಕ್ಕಿಂತ ಮುಖ್ಯವಾಗಿ ತೋರುತ್ತದೆ. ೯೪೧ರ ವಿಕ್ರಮಾರ್ಜುನ ವಿಜಯದ ಕೊನೆಯಲ್ಲಿ ಕವಿಯು ತನ್ನ ವಂಶವನ್ನು ಹೇಳಿಕೊಂಡಿದ್ದಾನೆ: ಮಾಧವ ಸೋಮಯಾಜಿ, ಅವನ ಮಗ ಅಭಿಮಾನಚಂದ್ರ, ಅವನ ಮಗ ಕೊಮರಯ್ಯ, ಅವನ ಮಗ ಅಭಿರಾಮದೇವರಾಯ, ಅವನ ಮಗ ಪಂಪ. ಐದು ತಲೆ ಗಂಡಸರು. ತಾಯಿಯ ಹೆಸರಿಲ್ಲ. ಈಗ ತೆಲಂಗಾಣಕ್ಕೆ ಸೇರಿರುವ ಕರೀಂನಗರ ಸೀಮೆಯ ಕುರ್ಕ್ಯಾಲದ ಬಳಿ, ಬೊಮ್ಮಲಗುಟ್ಟವೆಂಬ ಬೆಟ್ಟದ ಬಂಡೆಯ ಮೇಲೆ, ತಮ್ಮನಾದ ಜಿನವಲ್ಲಭನು ಕನ್ನಡ, ಸಂಸ್ಕೃತ, ತೆಲುಗು ಮೂರರಲ್ಲಿಯೂ ಒಂದು ಶಾಸನವನ್ನು ಕೆತ್ತಿಸಿದನು. ತಂದೆಯನ್ನು ಅವನು ಭೀಮಪಯ್ಯನೆಂದು ಕರೆಯುತ್ತಾನೆ. ಕಾವ್ಯದ ಅಭಿರಾಮದೇವರಾಯನೇ ಈತನೆಂದು ವಿದ್ವಾಂಸರು ಭಾವಿಸಿದ್ದಾರೆ. ಒಂದು ಕಾವ್ಯದ ಹೆಸರು, ಒಂದು ಮನೆಯ ಹೆಸರು. ತಾಯಿ ಅಬ್ಬಣಬ್ಬೆಯನ್ನೂ ಹೆಸರಿಸುತ್ತಾನೆ. ಅಷ್ಟಕ್ಕೇ ನಿಲ್ಲದೆ ಆಕೆಯು ಬೆಳ್ವೊಲದ ಅಣ್ಣಿಗೆರೆಯ ಜೋಯಿಸ ಸಿಂಘನ ಮೊಮ್ಮಗಳೆಂದೂ ಹೇಳುತ್ತಾನೆ. ಈ ಒಂದು ಮಾತಿನಿಂದ ಆದ ಉಪಕಾರವನ್ನು ನೋಡಿ. ತಂದೆಯ ಸಾಲನ್ನೇ ಹಿಡಿದು ಹೋದರೆ ಪಂಪನು ವೆಂಗ

ಿನಾಡಿನವನು; ತಾಯಿಯ ಸಾಲನ್ನು ಹಿಡಿದರೆ ಧಾರವಾಡದ ನೆರೆಯ ಅಣ್ಣಿಗೇರಿಯ ಮಗಳ ಮಗ. ತಿರುಳ್ಗನ್ನಡದ ಸೀಮೆಯೊಡನೆ ಕವಿಗೆ ಇದ್ದ ನಂಟು ತಾಯಿಯ ಕಡೆಯದು. ಆ ಬಂಡೆಯೊಂದು ಒಡೆದುಹೋಗಿದ್ದರೆ ಅಬ್ಬಣಬ್ಬೆಯೂ ಇಲ್ಲ, ಜೋಯಿಸ ಸಿಂಘನೂ ಇಲ್ಲ.

ತಾಯಂದಿರ ಹೆಸರು ಬಿಟ್ಟುಹೋದುದು ಕೇವಲ ಮರೆವಿನಿಂದಲ್ಲ. ತರ್ಪಣ ಕೊಡುವವನು ತಂದೆ, ಅಜ್ಜ, ಮುತ್ತಜ್ಜರ ಜೊತೆಗೆ ತಾಯಿ, ಅಜ್ಜಿ, ಮುತ್ತಜ್ಜಿಯರನ್ನೂ ತಾಯಿಯ ತಂದೆಯ ಸಾಲನ್ನೂ ಹೆಸರಿಟ್ಟು ನೆನೆಯಬೇಕಾಗಿದೆ, ಅಲ್ಲಿ ಹೆಂಗಸರಿದ್ದಾರೆ. ರನ್ನನು ತನ್ನ ತಾಯಿಯನ್ನೂ, ಜಕ್ಕಿ ಶಾಂತಿ ಎಂಬ ಹೆಂಡಿರನ್ನೂ, ತನಗೆ ಆಶ್ರಯವಿತ್ತ ಅತ್ತಿಮಬ್ಬೆಯ ಹೆಸರಿಟ್ಟ ಮಗಳನ್ನೂ ಹೇಳಲು ಮರೆಯಲಿಲ್ಲ. ೧೦೫೭ರ ಬೆಳತೂರಿನ ಶಾಸನವು ದೇಕಬ್ಬೆಯನ್ನು ಏಚನ ಹೆಂಡತಿಯೆಂದು ಹೇಳಿ ಸುಮ್ಮನಾಗದೆ ರವಿಗನ ಮಗಳೆಂದೂ ಹೇಳುತ್ತದೆ. ಆದರೆ ಆ ಕಲ್ಲನ್ನು ಸಂಪಾದಿಸಲು ಆಕೆ ಬೆಂಕಿಗೆ ಬೀಳಬೇಕಾಯಿತು. ಹೆಂಗಸರು ಕಾಣೆಯಾಗುವುದು ಹೊಲದ ಪಟ್ಟಿಯಲ್ಲಿ. ವತನು ಕಾಯಿದೆಗೆ ೧೮೮೬ರಲ್ಲಿ ಒಂದು ತಿದ್ದುಪಡಿ ಬಂದಿತು: ಕೊನೆಯ ವತನದಾರನ ವಿಧವೆಯೊಬ್ಬಳನ್ನು ಬಿಟ್ಟು, ಮನೆತನದ ಹೆಣ್ಣುಮಕ್ಕಳ ಸರದಿ ಅರ್ಹರಾದ ಗಂಡಸರೆಲ್ಲರೂ ಆದ ಮೇಲೆಯೇ. ಸರದಿಯೇ ಬಾರದವಳ ಹೆಸರನ್ನು ಬರೆದು ಶಾಯಿಯನ್ನೇಕೆ ಕೆಡಿಸಬೇಕೆಂದು ಬರೆಯುವವನು ಯೋಚಿಸಿರಬೇಕು.

ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ ಇದು ತಲೆಕೆಳಗಾಗಿತ್ತು. ಅಲ್ಲಿ ‘ಬಳಿ’ ತಾಯಿಯಿಂದ ಮಕ್ಕಳಿಗೆ ಬರುತ್ತದೆ. ಆಸ್ತಿಯು ಮಾವನಿಂದ ಸೋದರಳಿಯನಿಗೆ ಇಳಿಯುತ್ತಿತ್ತು. ಅಲ್ಲಿಯ ವಂಶಾವಳಿಯಲ್ಲಿ ಮೊದಲ ಹೆಸರೇ ಹೆಂಗಸಿನದು. ಯಾರ ಕಡೆಯಿಂದ ಹೊಲ ಇಳಿಯುತ್ತದೋ ಅವರ ಹೆಸರು ಉಳಿಯುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ. ೧೯೪೯ರ ಮದರಾಸಿನ ಕಾಯಿದೆಯೂ ೧೯೫೬ರ ಹಿಂದೂ ಉತ್ತರಾಧಿಕಾರದ ಕಾಯಿದೆಯೂ ಆ ಪದ್ಧತಿಯ ಕಟ್ಟನ್ನು ಸಡಿಲಿಸಿದುವು. ಸಂಗೀತಗಾರರ ಮನೆಗಳಲ್ಲಿಯೂ ತಾಯಿಯ ಸಾಲು ಉಳಿದುಬಂದಿತು. ೧೯೧೩ರಲ್ಲಿ ಧಾರವಾಡದಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಬಾಳಿದ ಗಂಗೂಬಾಯಿಯವರ ತಂದೆಯ ಮನೆತನ ನಾಡಿಗೇರ, ಪತಿಯ ಮನೆತನ ಕೌಲಗಿ. ಆದರೆ ಹಿಂದುಸ್ತಾನೀ ಸಂಗೀತವನ್ನು ಬಲ್ಲ ದೇಶವೆಲ್ಲವೂ ಆಕೆಯನ್ನು ಅರಿತುದು ಹಾನಗಲ್ಲಿನ ಹೆಸರಿನಿಂದ. ಅದು ತಾಯಿಯ ಕಡೆಯವರ ಊರು.

ಇದು ಹಳೆಯ ಕಥೆಯೆಂದು ಶ್ರೋತೃಗಳು ಭಾವಿಸಬಾರದು. ಇಂದಿಗೂ ನಮ್ಮ ರಾಜ್ಯದಲ್ಲಿ ತಂದೆ ತೀರಿಕೊಂಡಮೇಲೆ ಖಾತೆ ಬದಲಾಗಬೇಕಾದರೆ ವಂಶವೃಕ್ಷದ ದೃಢೀಕರಣ ಬೇಕು. ಮನೆಯವರು ಪ್ರಮಾಣಪತ್ರ ಬರೆದುಕೊಡುತ್ತಾರೆ. ಹಿಂದಿನ ಶಾನುಭೋಗನ ಸ್ಥಾನದಲ್ಲಿರುವ ಗ್ರಾಮದ ಅಧಿಕಾರಿಯು ವಿಚಾರಿಸಿ ವರದಿ ಮಾಡುತ್ತಾನೆ. ಒಟ್ಟುಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಾಲೆಂದು ಕರ್ನಾಟಕದಲ್ಲಿ ೧೯೯೪ರಲ್ಲಿ ಜಾರಿಗೆ ಬಂದ ತಿದ್ದುಪಡಿ ಹೇಳಿತು. ಆಗಲೇ ಮದುವೆಯಾಗಿದ್ದವರನ್ನು ಅದು ಹೊರಗಿಟ್ಟಿತು. ೨೦೦೫ರ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ಆದರೂ ಅಕ್ಕತಂಗಿಯರ ಹೆಸರಿಲ್ಲದ ವಂಶವೃಕ್ಷಗಳು ಕಚೇರಿಗೆ ಬರುವುದು ನಿಂತಿಲ್ಲವೆಂಬುದನ್ನು ನ್ಯಾಯಾಲಯಗಳ ಮೆಟ್ಟಿಲು ಹತ್ತಿದವರೆಲ್ಲರೂ ಬಲ್ಲರು. ಇನ್ನು ನೂರು ವರ್ಷಗಳಾದಮೇಲೆ ಈ ಕಾಗದವನ್ನು ಬಿಚ್ಚಿ ನೋಡುವ ಶೋಧಕನು, ಆ ಮನೆಯಲ್ಲಿ ಮೂವರು ಗಂಡುಮಕ್ಕಳು ಮಾತ್ರ ಹುಟ್ಟಿದರೆಂದು ಬರೆದುಕೊಳ್ಳುತ್ತಾನೆ. ಹೆಣ್ಣುಮಕ್ಕಳು ಪಾಲನ್ನಷ್ಟೇ ಕಳೆದುಕೊಂಡಂತಾಗಲಿಲ್ಲ, ಹುಟ್ಟಿದ್ದುದನ್ನೇ ಕಳೆದುಕೊಂಡಂತಾಯಿತು.

ತಮ್ಮ ಮನೆತನದ ಮೂಲವನ್ನು ಹುಡುಕಬೇಕೆಂದಿರುವವರು ಮೊದಲು ಹೋಗಬೇಕಾದುದು ಶಾಸನದ ಸಂಪುಟಗಳ ಬಳಿಗಲ್ಲ, ಮನೆಯಲ್ಲಿರುವ ಅತ್ಯಂತ ಹಿರಿಯ ಹೆಂಗಸಿನ ಬಳಿಗೆ. ಯಾವ ಊರಿನಿಂದ ಯಾವ ಊರಿಗೆ ಹೆಣ್ಣು ತಂದರು, ಯಾರ ಬಾಣಂತಿತನ ಎಲ್ಲಿ ನಡೆಯಿತು, ಯಾವ ದೇವರಿಗೆ ಹರಕೆ ಹೊತ್ತು ಎಷ್ಟು ದಿನ ನಡೆದು ಹೋಗುತ್ತಿದ್ದರು ಎಂಬುದನ್ನು ಆಕೆ ಹೇಳಿದಂತೆಯೇ, ತಿದ್ದದೆ ಬರೆದುಕೊಳ್ಳತಕ್ಕದ್ದು. ಒಬ್ಬೊಬ್ಬ ಹೆಂಗಸಿನ ಹೆಸರಿನ ಮುಂದೆಯೂ ಆಕೆಯ ತವರೂರನ್ನು ಕಾಣಿಸತಕ್ಕದ್ದು. ಕುವೆಂಪು ಅವರು ಕುಪ್ಪಳಿಯವರೆಂದು ಎಲ್ಲರೂ ಬಲ್ಲರು. ೧೯೦೪ರಲ್ಲಿ ಅವರು ಹುಟ್ಟಿದುದು ತಾಯಿಯ ತವರಾದ ಹಿರೇಕೊಡಿಗೆಯಲ್ಲಿ. ಗಂಡಸರ ಪಟ್ಟಿಯಲ್ಲಿ ಎಲ್ಲಿಯೂ ಕಾಣದ ಇಂಥ ಊರುಗಳು ಹೀಗೆ ಹತ್ತಾರು ದೊರಕುತ್ತವೆ. ಆ ಊರುಗಳ ಕಂದಾಯದ ಲೆಕ್ಕ, ಗುಡಿಯ ಮುಂದಿನ ಕಲ್ಲು, ಹೆಳವನ ಪುಸ್ತಕ, ಇವನ್ನು ಅನಂತರ ಒಂದೊಂದಾಗಿ ನೋಡಬಹುದು.